ಬಾಟಲಿಯಲ್ಲಿದ್ದಷ್ಟೂ ಸುರಿಯಬೇಕೇ? ಬೈಕಿನ ಎಂಜಿನ್ ಆಯಿಲ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎಂಜಿನ್ ಆಯಿಲ್ ಬಗ್ಗೆಯೇ ಇವೆ. ಎಷ್ಟು ಹಾಕಬೇಕು, ಯಾವುದನ್ನು ಹಾಕಬೇಕು, ಹಾಕಿದ್ದು ಸರಿಯಾಗಿದೆಯೇ ಎಂದು ನೋಡುವುದು ಹೇಗೆ ಎಂದೇ ಬಹಳ ಜನ ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನದು 100 ಸಿಸಿ ಬೈಕು. ಗ್ಯಾರೇಜಿನಲ್ಲಿ ಆಯಿಲ್ ಬದಲಿಸುವಾಗ 900 ಮಿ.ಲೀ. ಬಾಟಲಿ ಪೂರ್ತಿ ಸುರಿದರು. ಮನೆಗೆ ಬಂದು ಗೇಜ್ (ಆಯಿಲ್ ಅಳೆಯುವ ಕಡ್ಡಿ) ತೆಗೆದು ನೋಡಿದರೆ ಆಯಿಲ್ ಮೇಲಿನ ಗೆರೆ ದಾಟಿದೆ. ಮ್ಯಾನ್ಯುಯಲ್ ನೋಡಿದರೆ ಅಲ್ಲಿ ಎರಡು ಅಳತೆ ಕೊಟ್ಟಿದ್ದಾರೆ. ಯಾವುದನ್ನು ನಂಬಲಿ? (ದಾವಣಗೆರೆ)

ಉತ್ತರ: ಎರಡೂ ಸರಿಯೇ, ಆದರೆ ಎರಡೂ ಬೇರೆ ಬೇರೆ ಕೆಲಸಕ್ಕೆ. ದೊಡ್ಡ ಅಂಕಿ ಇರುವುದು ಎಂಜಿನ್ ಪೂರ್ತಿ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದಾಗ ಹಾಕಬೇಕಾದ ಆಯಿಲ್‌ಗೆ. ಚಿಕ್ಕ ಅಂಕಿ ಇರುವುದು ಡ್ರೈನ್ ಬೋಲ್ಟ್ ಬಿಚ್ಚಿ ಹಳೆಯದನ್ನು ಇಳಿಸಿ ಹೊಸದು ಹಾಕುವಾಗಿನ ಅಳತೆಗೆ. ಎಷ್ಟು ಹೊತ್ತು ಬಿಟ್ಟರೂ ಕ್ಲಚ್ ಪ್ಲೇಟುಗಳ ನಡುವೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಲ್ಲಿ, ಆಯಿಲ್ ದಾರಿಗಳಲ್ಲಿ ಒಂದಿಷ್ಟು ಹಳೇ ಆಯಿಲ್ ಉಳಿದೇ ಉಳಿಯುತ್ತದೆ. ಅದಕ್ಕೇ ಈ ಎರಡು ಅಂಕಿಗಳ ನಡುವೆ ನೂರು, ಇನ್ನೂರು ಮಿ.ಲೀ. ಅಂತರ. ಮಾಮೂಲಿ ಸರ್ವಿಸಿಗೆ ನಿಮಗೆ ಬೇಕಾದದ್ದು ಚಿಕ್ಕ ಅಂಕಿ.

ಅದೂ ಕೂಡ ಅಂದಾಜು ಎಂದೇ ಇಟ್ಟುಕೊಳ್ಳಿ. ಬಾಟಲಿಯ ಗಾತ್ರ ಕಂಪನಿಯ ಪ್ಯಾಕಿಂಗ್ ಲೆಕ್ಕ, ನಿಮ್ಮ ಎಂಜಿನ್ನಿನ ಲೆಕ್ಕವಲ್ಲ. ಅಂತಿಮ ತೀರ್ಮಾನ ಗೇಜಿನದು. ಆದರೆ ಗೇಜನ್ನು ಸರಿಯಾಗಿ ಓದಬೇಕು, ಹೆಚ್ಚಿನವರು ಎಡವುವುದು ಅಲ್ಲಿಯೇ.

ಗಾಡಿಯನ್ನು ಸಮತಟ್ಟು ನೆಲದಲ್ಲಿ ಸೆಂಟರ್ ಸ್ಟ್ಯಾಂಡಿಗೆ ಹಾಕಿ. ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಕೊಡದೆ ಮೂರರಿಂದ ಐದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಆಫ್ ಮಾಡಿ ಎರಡು ಮೂರು ನಿಮಿಷ ಕಾಯಿರಿ, ಮೇಲಿರುವ ಆಯಿಲ್ ಕೆಳಗೆ ಇಳಿಯಲಿ. ಗೇಜ್ ಬಿಚ್ಚಿ, ನೂಲು ಬಿಡದ ಬಟ್ಟೆಯಿಂದ ಒರೆಸಿ. ಈಗ ಸ್ಪ್ಲೆಂಡರ್ ಮೊದಲಾದ ಹೀರೋ, ಹೋಂಡಾ ಬೈಕುಗಳಲ್ಲಿ ಗೇಜನ್ನು ತೂತಿನೊಳಗೆ ಇಳಿಸಿ ಥ್ರೆಡ್ಡಿನ ಮೇಲೆ ಕೂರಿಸಬೇಕು ಅಷ್ಟೇ, ತಿರುಗಿಸಿ ಬಿಗಿ ಮಾಡಬಾರದು. ಮತ್ತೆ ಎತ್ತಿ ನೋಡಿ. ಆಯಿಲ್ ಅಂಟಿದ ಗುರುತು ಎರಡು ಗೆರೆಗಳ ನಡುವೆ, ಮೇಲಿನ ಗೆರೆಗೆ ಹತ್ತಿರವಿದ್ದರೆ ಸರಿ.

ಬಿಗಿ ಮಾಡಿ ನೋಡಿದರೆ ಏನಾಗುತ್ತದೆ? ಥ್ರೆಡ್ಡಿನ ಉದ್ದದಷ್ಟು ಕಡ್ಡಿ ಇನ್ನೂ ಆಳಕ್ಕೆ ಮುಳುಗುತ್ತದೆ. ಕಡಿಮೆ ಆಯಿಲ್ ಇದ್ದರೂ ಗೆರೆ ಮುಟ್ಟಿದಂತೆ ಕಾಣುತ್ತದೆ, ನೀವು ಸಾಕು ಎಂದು ನಿಲ್ಲಿಸಿಬಿಡುತ್ತೀರಿ. ಕೆಲವು ಗಾಡಿಗಳಲ್ಲಿ ಬಿಗಿ ಮಾಡಿಯೇ ನೋಡಬೇಕು ಎಂಬ ಸೂಚನೆ ಇರುತ್ತದೆ. ಅಲ್ಲಿ ಬಿಗಿ ಮಾಡದೆ ನೋಡಿದರೆ ಇದರ ಉಲ್ಟಾ, ಆಯಿಲ್ ಜಾಸ್ತಿ ಬೀಳುತ್ತದೆ. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಆ ಒಂದು ಸಾಲನ್ನು ಹುಡುಕಿ ಓದಿ.

ಇನ್ನು ಸೈಡ್ ಸ್ಟ್ಯಾಂಡ್. ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಎಡಕ್ಕೆ ವಾಲುತ್ತದೆ, ಆಯಿಲ್ ಎಡಕ್ಕೆ ಸರಿಯುತ್ತದೆ. ಸ್ಪ್ಲೆಂಡರಿನಲ್ಲಿ ಗೇಜ್ ಇರುವುದು ಎಂಜಿನ್ನಿನ ಬಲಗಡೆ. ಹಾಗಾಗಿ ಸರಿಯಾಗಿ ತುಂಬಿದ ಎಂಜಿನ್ನೂ ಖಾಲಿಯಂತೆ ತೋರುತ್ತದೆ. ಅದನ್ನು ನಂಬಿ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಸುರಿಯುತ್ತಾರೆ. ನಿಮ್ಮ ಗ್ಯಾರೇಜಿನಲ್ಲಿ ಗಾಡಿ ಹೇಗೆ ನಿಂತಿತ್ತು ಎಂದು ನೆನಪಿಸಿಕೊಳ್ಳಿ. ಪಲ್ಸರ್ 150, ಬುಲೆಟ್ಟಿನ ಯುಸಿಇ (ಎಂಜಿನ್, ಗೇರ್ ಬಾಕ್ಸ್ ಒಂದೇ ಕೇಸಿನಲ್ಲಿರುವ ಹೊಸ ಬಗೆಯ) ಎಂಜಿನ್‌ಗಳಲ್ಲಿ ಆಯಿಲ್ ನೋಡುವ ಗಾಜಿನ ಕಿಂಡಿಯೂ ಬಲಕ್ಕೇ ಇರುವುದರಿಂದ ಅಲ್ಲೂ ಇದೇ ಮೋಸ. ಸೆಂಟರ್ ಸ್ಟ್ಯಾಂಡ್ ಇಲ್ಲದ ಗಾಡಿಯಾದರೆ ಒಬ್ಬರು ನೆಟ್ಟಗೆ ಹಿಡಿದುಕೊಳ್ಳಲಿ, ಇನ್ನೊಬ್ಬರು ಕುಳಿತು ಕಿಂಡಿಯ ಮಟ್ಟಕ್ಕೆ ಕಣ್ಣಿಟ್ಟು ನೋಡಲಿ.

ಪ್ರಶ್ನೆ: ಆಯಿಲ್ ಸ್ವಲ್ಪ ಜಾಸ್ತಿಯಾದರೆ ಒಳ್ಳೆಯದೇ ಅಲ್ಲವೇ? ಕಡಿಮೆಯಾದರೆ ತಾನೇ ಎಂಜಿನ್ ಸೀಜ್ ಆಗುವುದು? (ಗದಗ)

ಉತ್ತರ: ಕಡಿಮೆಯಾದರೆ ಬೇಗ ಕೆಡುತ್ತದೆ, ಜಾಸ್ತಿಯಾದರೆ ನಿಧಾನಕ್ಕೆ ಕೆಡುತ್ತದೆ. ಆಯಿಲ್ ಮಟ್ಟ ಏರಿದಾಗ ಕ್ರ್ಯಾಂಕ್ ತಿರುಗುತ್ತಾ ಅದನ್ನು ಬಡಿಯುತ್ತದೆ. ಮಜ್ಜಿಗೆ ಕಡೆದ ಹಾಗೆ ನೊರೆ ಏಳುತ್ತದೆ. ಪಂಪು ಆಯಿಲ್ ಜೊತೆಗೆ ಗಾಳಿಯನ್ನೂ ಎಳೆದು ಕಳಿಸುತ್ತದೆ, ಬೇರಿಂಗುಗಳ ನಡುವಿನ ಪದರ ಒಡೆಯುತ್ತದೆ. ಎಂಜಿನ್ ಭಾರವಾಗಿ ಎಳೆಯುತ್ತದೆ, ಮೈಲೇಜ್ ಬೀಳುತ್ತದೆ, ಬಿಸಿ ಏರುತ್ತದೆ. ಒಳಗಿನ ಒತ್ತಡ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಆಯಿಲ್ ಆವಿಯನ್ನು ಏರ್ ಫಿಲ್ಟರ್ ಡಬ್ಬಿಗೆ ನೂಕುತ್ತದೆ. ಹೊಸದಾಗಿ ಆಯಿಲ್ ಬದಲಿಸಿದ ಮೇಲೆ ಏರ್ ಫಿಲ್ಟರ್ ಒದ್ದೆಯಾಗಿದ್ದರೆ, ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ, ಕಿಕ್ಕರ್ ಅಥವಾ ಗೇರ್ ಲಿವರ್ ಹತ್ತಿರದ ಸೀಲಿನಿಂದ ಆಯಿಲ್ ಜಿನುಗಿದರೆ ಬೋರ್ (ಸಿಲಿಂಡರಿನ ಒಳಗೋಡೆ) ಸವೆದುಹೋಯಿತೆಂದು ಗಾಬರಿಯಾಗಬೇಡಿ. ಮೊದಲು ಗೇಜ್ ನೋಡಿ.

ಹೆಚ್ಚಾದದ್ದನ್ನು ತೆಗೆಯುವುದು ಸುಲಭ. ಮೆಡಿಕಲ್ ಶಾಪಿನಲ್ಲಿ 50 ಮಿ.ಲೀ. ಸಿರಿಂಜ್ ಸಿಗುತ್ತದೆ. ಅದರ ತುದಿಗೆ ಸಣ್ಣ ಪೈಪ್ ಬಿಗಿಯಾಗಿ ಸಿಕ್ಕಿಸಿ, ಆಯಿಲ್ ಹಾಕುವ ತೂತಿನಿಂದ ಇಳಿಬಿಟ್ಟು ಎಳೆಯಿರಿ. ಪೈಪ್ ಕಳಚಿ ಒಳಗೆ ಬೀಳದಂತೆ ನೋಡಿಕೊಳ್ಳಿ. ಪ್ರತಿ ಸಲ 50 ಮಿ.ಲೀ. ತೆಗೆದು ಗೇಜ್ ನೋಡುತ್ತಾ ಹೋದರೆ ನಿಮ್ಮ ಎಂಜಿನ್ನಿನಲ್ಲಿ ಎರಡು ಗೆರೆಗಳ ನಡುವೆ ಎಷ್ಟು ಆಯಿಲ್ ಹಿಡಿಯುತ್ತದೆ ಎಂಬ ಅಂದಾಜೂ ಸಿಗುತ್ತದೆ. ಮುಂದಿನ ಸಲ ಟಾಪ್ ಅಪ್ ಮಾಡುವಾಗ ಅದು ಉಪಯೋಗಕ್ಕೆ ಬರುತ್ತದೆ.

ಕಡಿಮೆಯಾದಾಗ ಮೊದಲು ಪೆಟ್ಟು ತಿನ್ನುವುದು ಹೆಡ್. ವಾಲ್ವ್ ತೆರೆಯುವ ಕ್ಯಾಮ್, ರಾಕರ್‌ಗಳು ಎಂಜಿನ್ನಿನ ತುತ್ತತುದಿಯಲ್ಲಿವೆ, ಆಯಿಲ್ ಅಲ್ಲಿಗೆ ತಲುಪುವುದು ಕೊನೆಗೆ. ಟ್ಯಾಪೆಟ್ ಸೆಟ್ ಮಾಡಿದರೂ ಟಕಟಕ ಸದ್ದು ನಿಲ್ಲದಿದ್ದರೆ ಕ್ಯಾಮ್ ಸವೆದಿರುವ ಸಾಧ್ಯತೆ ಇದೆ.

ಪ್ರಶ್ನೆ: ಮನೆಯಲ್ಲೇ ಆಯಿಲ್ ಬದಲಿಸಬೇಕೆಂದಿದ್ದೇನೆ. ಬೇಕಾದ ಸಾಮಾನು, ಕ್ರಮ ತಿಳಿಸಿ. (ಸಾಗರ)

ಉತ್ತರ: ಖಂಡಿತ ಮಾಡಬಹುದು. ಡ್ರೈನ್ ಬೋಲ್ಟಿಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ ಬೇಕು. ನಮ್ಮ ಸಾಮಾನ್ಯ ಬೈಕುಗಳಲ್ಲಿ 17 ಎಂ.ಎಂ. ಹೆಚ್ಚು ಬಳಕೆಯಲ್ಲಿದೆ. ಬಾಯಿ ತೆರೆದ ಸ್ಪ್ಯಾನರ್, ಅಡ್ಜಸ್ಟಬಲ್ ಸ್ಪ್ಯಾನರ್ ಬೇಡ, ಬೋಲ್ಟಿನ ಮೂಲೆ ತಿರುಚಿ ಹೋಗುತ್ತದೆ. ಅಗಲ ಬಾಯಿಯ ಟ್ರೇ, ಫನೆಲ್, ಮಿ.ಲೀ. ಗುರುತಿರುವ ಅಳತೆ ಮಗ್ಗು, ಹೊಸ ವಾಷರ್, ಬಟ್ಟೆ. ನಿಮ್ಮ ಬೈಕಿಗೆ ಪೇಪರ್ ಫಿಲ್ಟರ್ ಇದ್ದರೆ ಹೊಸ ಫಿಲ್ಟರ್ ಮತ್ತು ಅದರ ಓ-ರಿಂಗ್ ಕೂಡ ತನ್ನಿ.

ಎಂಜಿನ್ ಬೆಚ್ಚಗಿರಬೇಕು, ಸುಡಬಾರದು. ಐದು ನಿಮಿಷ ಓಡಿಸಿ, ಹತ್ತು ನಿಮಿಷ ಬಿಟ್ಟರೆ ಹದವಾಗಿರುತ್ತದೆ. ತಣ್ಣಗಿನ ಆಯಿಲ್ ಗಟ್ಟಿಯಾಗಿ ಕೊಳೆಯನ್ನು ಒಳಗೇ ಬಿಟ್ಟು ಬರುತ್ತದೆ. ಆಯಿಲ್ ಹಾಕುವ ಬಾಯಿಯ ಸುತ್ತಲಿನ ಮಣ್ಣನ್ನು ಒರೆಸಿದ ಮೇಲೆಯೇ ಗೇಜ್ ಬಿಚ್ಚಿ. ಮೊದಲು ಇದನ್ನು ತೆರೆದರೆ ಗಾಳಿ ಒಳಹೋಗಿ ಆಯಿಲ್ ಸರಾಗ ಇಳಿಯುತ್ತದೆ. ಡ್ರೈನ್ ಬೋಲ್ಟ್ ಬಿಚ್ಚುವಾಗ ಕೊನೆಯ ಎರಡು ಸುತ್ತು ಬೆರಳಿನಿಂದ, ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದು ತಿರುಗಿಸಿ, ಆಮೇಲೆ ಒಮ್ಮೆಲೇ ತೆಗೆಯಿರಿ. ಕೆಲವು ಗಾಡಿಗಳಲ್ಲಿ ಡ್ರೈನ್ ಮುಚ್ಚಳದ ಹಿಂದೆ ಸ್ಪ್ರಿಂಗ್ ಮತ್ತು ಜಾಲರಿ ಇರುತ್ತವೆ. ಅವು ಹಾರಿ ಟ್ರೇಗೆ ಬಿದ್ದರೆ ಯಾವ ಕ್ರಮದಲ್ಲಿದ್ದವು ಎಂಬುದೇ ಗೊತ್ತಾಗುವುದಿಲ್ಲ. ಹಾಗಾಗಿ ಅಂಥ ಗಾಡಿಗಳಲ್ಲಿ ನಿಧಾನವಾಗಿ ಬಿಚ್ಚಿ, ಬಂದ ಕ್ರಮದಲ್ಲೇ ಸಾಲಾಗಿ ಇಡಿ.

ಧಾರೆ ನಿಂತು ಹನಿಯಾದ ಮೇಲೆ ಇಗ್ನಿಶನ್ ಆಫ್ ಇಟ್ಟು ನಾಲ್ಕೈದು ಸಲ ಕಿಕ್ಕರ್ ತುಳಿಯಿರಿ. ಇನ್ನೊಂದಿಷ್ಟು ಇಳಿಯುತ್ತದೆ. ಗಾಡಿಯನ್ನು ಎರಡೂ ಕಡೆಗೆ ತುಸು ವಾಲಿಸಿ ಮತ್ತೆ ನೆಟ್ಟಗೆ ಮಾಡಿ. ಗ್ಯಾರೇಜುಗಳಲ್ಲಿ ಆಯಿಲ್ ಬಾಯಿಗೆ ಕಂಪ್ರೆಸರ್ ಗಾಳಿ ಹೊಡೆದು ಹಳೇ ಆಯಿಲ್ ಓಡಿಸುತ್ತಾರಲ್ಲ, ಅದನ್ನು ನಾವು ಒಪ್ಪುವುದಿಲ್ಲ. ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ಸೇರಿರುತ್ತದೆ, ಆ ತೇವ ನೇರ ಎಂಜಿನ್ನಿಗೆ ಹೋಗುತ್ತದೆ. ಡೀಸೆಲ್, ಸೀಮೆಎಣ್ಣೆ ಹಾಕಿ ತೊಳೆಯುವುದೂ ಬೇಡ. ಅದು ಪೂರ್ತಿ ಇಳಿಯದೆ ಉಳಿದು ಹೊಸ ಆಯಿಲನ್ನು ತೆಳ್ಳಗೆ ಮಾಡುತ್ತದೆ.

ಟ್ರೇಯಲ್ಲಿ ಬಿದ್ದ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ. ಹೊಳೆಯುವ ನಯವಾದ ಪುಡಿ ಸ್ವಲ್ಪ ಇದ್ದರೆ ಚಿಂತೆಯಿಲ್ಲ, ಹೊಸ ಗಾಡಿಯಲ್ಲಿ ಅದು ಸಹಜ. ಉಗುರಿಗೆ ಸಿಗುವಂತಹ ಚೂರು ಸಿಕ್ಕಿದರೆ ಮೆಕ್ಯಾನಿಕ್‌ಗೆ ತೋರಿಸಬೇಕು. ಅಳತೆ ಮಗ್ಗಿಗೆ ಸುರಿದು ಎಷ್ಟು ಇಳಿಯಿತು ಎಂದೂ ಬರೆದಿಡಿ. ಹಾಕಿದ್ದಕ್ಕಿಂತ ಬಹಳ ಕಡಿಮೆ ಇಳಿದಿದ್ದರೆ ನಡುವೆ ಆಯಿಲ್ ಸುಟ್ಟಿದೆ ಇಲ್ಲವೇ ಸೋರಿದೆ.

ಫಿಲ್ಟರ್ ಬದಲಿಸುವಾಗ ಹಳೆಯದು ಯಾವ ಮುಖವಾಗಿ ಕೂತಿತ್ತು ಎಂದು ಫೋಟೋ ತೆಗೆದುಕೊಳ್ಳಿ. ಉಲ್ಟಾ ಹಾಕಿದ ಫಿಲ್ಟರ್ ಆಯಿಲ್ ದಾರಿಯನ್ನೇ ಮುಚ್ಚಬಹುದು. ಸ್ಪ್ಲೆಂಡರಿನಲ್ಲಿ ಪೇಪರ್ ಫಿಲ್ಟರ್ ಇಲ್ಲ. ಬಲಗಡೆಯ ಕ್ಲಚ್ ಕವರಿನ ಒಳಗೆ, ತಿರುಗುತ್ತಾ ಕೊಳೆಯನ್ನು ಗೋಡೆಗೆ ಎಸೆದು ಹಿಡಿದಿಡುವ ರೋಟರ್ ಇದೆ, ಜೊತೆಗೆ ಜಾಲರಿ. ಪ್ರತಿ ಸಲ ಅದನ್ನು ಬಿಚ್ಚುವ ಅಗತ್ಯವಿಲ್ಲ. ಬಿಚ್ಚಿ ತೊಳೆದಾಗ ಹೊಸ ಗ್ಯಾಸ್ಕೆಟ್ ಬೇಕು, ಆಯಿಲ್ ಕೂಡ ಮಾಮೂಲಿಗಿಂತ ತುಸು ಹೆಚ್ಚು ಹಿಡಿಯುತ್ತದೆ.

ಬೋಲ್ಟ್, ತೂತಿನ ಸುತ್ತಲಿನ ಮೈ ಒರೆಸಿ, ಹೊಸ ವಾಷರ್ ಹಾಕಿ, ಮೊದಲ ನಾಲ್ಕೈದು ಸುತ್ತು ಬೆರಳಿನಿಂದಲೇ ಹತ್ತಿಸಿ. ಆಮೇಲೆ ಸ್ಪ್ಯಾನರ್. ಮ್ಯಾನ್ಯುಯಲ್‌ನಲ್ಲಿ ಹೇಳಿದ ಅಳತೆಯಿಂದ 100 ಮಿ.ಲೀ. ಕಡಿಮೆ ಆಯಿಲನ್ನು ಮಗ್ಗಿನಲ್ಲಿ ಅಳೆದು ಸುರಿಯಿರಿ. ಗೇಜ್ ಮುಚ್ಚಿ, ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಎಳೆಯದೆ ಮೂರು ನಿಮಿಷ ಬಿಡಿ. ಹೊಸ ಫಿಲ್ಟರ್ ತುಂಬುವುದು ಈಗಲೇ. ಆಫ್ ಮಾಡಿ, ಕಾದು, ಮೇಲೆ ಹೇಳಿದಂತೆ ಗೇಜ್ ನೋಡಿ, 50 ಮಿ.ಲೀ. ನಂತೆ ಸೇರಿಸುತ್ತಾ ಮೇಲಿನ ಗೆರೆಗೆ ಕೂದಲೆಳೆ ಕೆಳಗೆ ನಿಲ್ಲಿಸಿ. ಹಾಕಿ ಮುಗಿಸಿದ ಕೂಡಲೇ ಗೇಜ್ ನೋಡಿ ತೃಪ್ತಿಪಟ್ಟು ಹೊರಟರೆ, ಫಿಲ್ಟರ್ ಹೀರಿಕೊಂಡಷ್ಟು ಆಯಿಲ್ ನಿಮಗೆ ಕಡಿಮೆ ಬಿದ್ದಿರುತ್ತದೆ. ಒಂದೆರಡು ಕಿ.ಮೀ. ಓಡಿಸಿ ಬಂದು ಬೋಲ್ಟಿನ ಕೆಳಗೆ ಒಣಗಿದ ಬೆರಳು ಸವರಿ ನೋಡಿ.

ಪ್ರಶ್ನೆ: ಡ್ರೈನ್ ಬೋಲ್ಟ್ ಎಷ್ಟು ಬಿಗಿ ಮಾಡಿದರೂ ತಿರುಗುತ್ತಲೇ ಇದೆ, ಆಯಿಲ್ ತೊಟ್ಟಿಕ್ಕುತ್ತಿದೆ. ಟೆಫ್ಲಾನ್ ಟೇಪ್ ಸುತ್ತಿದರೆ ಆಗುತ್ತದೆಯೇ? (ಹಾಸನ)

ಉತ್ತರ: ಬೇಡವೇ ಬೇಡ. ಥ್ರೆಡ್ ಹೋಗಿದೆ. ಬೋಲ್ಟ್ ಉಕ್ಕಿನದು, ಎಂಜಿನ್ ಕೇಸು ಅಲ್ಯೂಮಿನಿಯಂ, ಬಲ ಹಾಕಿದರೆ ಸೋಲುವುದು ಕೇಸೇ. ಟೇಪಿನ ಚೂರು ಒಳಗೆ ಹೋದರೆ ಪಂಪಿನ ಜಾಲರಿಗೆ ಅಂಟಿಕೊಳ್ಳುತ್ತದೆ. ಓಡುವಾಗ ಬೋಲ್ಟ್ ಕಳಚಿ ಬಿದ್ದರೆ ಹಿಂದಿನ ಟೈರಿಗೆ ಆಯಿಲ್ ಬಿದ್ದು ಜಾರುವ ಅಪಾಯವೂ ಇದೆ, ಆದ್ದರಿಂದ ಸರಿ ಮಾಡುವ ತನಕ ಗಾಡಿ ಓಡಿಸಬೇಡಿ. ಒಳ್ಳೆಯ ಲೇತ್ ಅಂಗಡಿಯಲ್ಲಿ ತೂತಿಗೆ ಹೊಸ ಥ್ರೆಡ್ ಹೊಡೆದು ಹೆಲಿಕಾಯಿಲ್ ಇನ್ಸರ್ಟ್ (ಥ್ರೆಡ್ಡಿನ ಆಕಾರದ ಉಕ್ಕಿನ ಸುರುಳಿ) ಕೂರಿಸುತ್ತಾರೆ. ಆಗ ಹಳೇ ಅಳತೆಯ ಬೋಲ್ಟೇ ನಡೆಯುತ್ತದೆ. ಓವರ್‌ಸೈಜ್ ಬೋಲ್ಟ್ ಎರಡನೇ ದಾರಿ. ಯಾವುದೇ ಮಾಡಿಸಿದರೂ ಆಮೇಲೆ ಸ್ವಲ್ಪ ಅಗ್ಗದ ಆಯಿಲ್ ಸುರಿದು ಇಳಿಸಿ, ಲೋಹದ ಪುಡಿ ತೊಳೆದುಹೋಗಲಿ.

ಇದು ಮತ್ತೆ ಆಗಬಾರದೆಂದರೆ ವಾಷರನ್ನು ಪ್ರತಿ ಸಲ ಬದಲಿಸಿ. ಚಪ್ಪಟೆಯಾದ ಹಳೇ ವಾಷರ್ ಸೋರುತ್ತದೆಂದು ಮೆಕ್ಯಾನಿಕ್ ಇನ್ನಷ್ಟು ಬಿಗಿ ಮಾಡುತ್ತಾರೆ, ಥ್ರೆಡ್ ಕಿತ್ತುಬರುವುದು ಹೀಗೆಯೇ. 12 ಎಂ.ಎಂ. ಥ್ರೆಡ್ಡಿನ ಬೋಲ್ಟಿಗೆ ಸಾಮಾನ್ಯವಾಗಿ 24ರಿಂದ 30 ನ್ಯೂಟನ್ ಮೀಟರ್ ಸಾಕು. ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಗಿಡ್ಡ ಸ್ಪ್ಯಾನರನ್ನು ಒಂದೇ ಕೈಯಲ್ಲಿ ಹಿಡಿದು, ವಾಷರ್ ಕೂತ ಅನುಭವವಾದ ಮೇಲೆ ಕಾಲು ಸುತ್ತಿನಷ್ಟು ತಿರುಗಿಸಿ ನಿಲ್ಲಿಸಿ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೆಯಲೇಬಾರದು.

ಪ್ರಶ್ನೆ: ಕಾರಿಗೆ ತಂದ ಆಯಿಲ್ ಮಿಕ್ಕಿದೆ, ಗ್ರೇಡ್ ಒಂದೇ. ಬೈಕಿಗೆ ಹಾಕಬಹುದೇ? ಮನೆಯಲ್ಲಿ ಸ್ಕೂಟರ್ ಕೂಡ ಇದೆ. (ಬೆಂಗಳೂರು)

ಉತ್ತರ: 10ಡಬ್ಲ್ಯೂ-30 ಎಂಬ ಗ್ರೇಡ್ ಹೇಳುವುದು ಆಯಿಲ್ ಎಷ್ಟು ಗಟ್ಟಿ, ಎಷ್ಟು ತೆಳು ಎಂಬುದನ್ನು ಮಾತ್ರ. ಬೈಕಿನಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್, ಕ್ಲಚ್ ಪ್ಲೇಟುಗಳು ಅದರಲ್ಲೇ ಮುಳುಗಿರುತ್ತವೆ. ಕಾರಿನ ಆಯಿಲ್‌ಗಳಲ್ಲಿ ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಸೇರಿಸಿದ್ದರೆ ಪ್ಲೇಟುಗಳು ಜಾರುತ್ತವೆ. ಏರು ದಾರಿಯಲ್ಲಿ ಎಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಬಾಟಲಿಯ ಹಿಂದೆ ಜಾಸೋ ಎಂಎ ಅಥವಾ ಎಂಎ2 ಎಂದು ಇರಬೇಕು. ಇದು ಜಪಾನಿನ ಮಾನದಂಡ, ಕ್ಲಚ್ ಜಾರದೆಂಬ ಪರೀಕ್ಷೆ ಪಾಸಾದ ಗುರುತು. ಎಂಬಿ ಎಂದಿದ್ದರೆ ಅದು ಘರ್ಷಣೆ ಕಡಿಮೆಯ ಆಯಿಲ್, ಒಣ ಕ್ಲಚ್ಚಿನ ಗೇರಿಲ್ಲದ ಸ್ಕೂಟರಿಗೆ. ಸ್ಕೂಟರಿಗೆ ಎಂಎ ಹಾಕಿದರೆ ಹಾನಿಯಿಲ್ಲ. ಬೈಕಿಗೆ ಎಂಬಿ ಹಾಕಬೇಡಿ.

ಸ್ಕೂಟರಿನ ಬಗ್ಗೆ ಒಂದು ಮಾತು: ಹಿಂದಿನ ಚಕ್ರದ ಬಳಿ ಗೇರ್ ಆಯಿಲ್ ಬೇರೆಯಾಗಿಯೇ ಇರುತ್ತದೆ, ನೂರು ಮಿ.ಲೀ. ಆಸುಪಾಸು. ಎಂಜಿನ್ ಆಯಿಲ್ ಇಳಿಸುತ್ತೇನೆಂದು ಅದರ ಬೋಲ್ಟ್ ಬಿಚ್ಚಿ, ಇಳಿಸದ ಎಂಜಿನ್ನಿಗೆ ಮೇಲೆ ಹೊಸ ಆಯಿಲ್ ಸುರಿದರೆ ಅಲ್ಲಿ ದುಪ್ಪಟ್ಟು, ಇಲ್ಲಿ ಖಾಲಿ.

ಪ್ರಶ್ನೆ: ನನ್ನದು ಹಳೇ ಕ್ಯಾಸ್ಟ್ ಐರನ್ ಬುಲೆಟ್. ಎರಡು ವಾರ ನಿಲ್ಲಿಸಿ ನೋಡಿದರೆ ಆಯಿಲ್ ಗೇಜಿಗೆ ಮುಟ್ಟುವುದೇ ಇಲ್ಲ. ನೆಲದ ಮೇಲೆ ಒಂದು ಹನಿಯೂ ಇಲ್ಲ. (ಚಿಕ್ಕಮಗಳೂರು)

ಉತ್ತರ: ಆಯಿಲ್ ಎಲ್ಲೂ ಹೋಗಿಲ್ಲ, ಜಾಗ ಬದಲಿಸಿದೆ. ಆ ಎಂಜಿನ್ನಿನಲ್ಲಿ ಆಯಿಲ್ ಟ್ಯಾಂಕ್ ಕೇಸಿನಲ್ಲೇ ಪ್ರತ್ಯೇಕ ಕೋಣೆ. ಒಂದು ಪಂಪು ಅಲ್ಲಿಂದ ಆಯಿಲ್ ಕಳಿಸುತ್ತದೆ, ಇನ್ನೊಂದು ಕ್ರ್ಯಾಂಕಿನ ತಳದಿಂದ ವಾಪಸ್ ಎಳೆದು ತರುತ್ತದೆ. ಗಾಡಿ ನಿಂತೇ ಇದ್ದರೆ ಆಯಿಲ್ ಪಂಪಿನ ಸಂದಿಯಿಂದ ಜಿನುಗಿ ಕ್ರ್ಯಾಂಕಿನ ಕಡೆ ಸೇರುತ್ತದೆ. ಆಗ ಗೇಜ್ ನೋಡಿ ಟಾಪ್ ಅಪ್ ಮಾಡಿದರೆ, ಸ್ಟಾರ್ಟ್ ಮಾಡಿದ ಮೇಲೆ ಒಳಗಿನದೂ ವಾಪಸ್ ಬಂದು ಟ್ಯಾಂಕ್ ತುಂಬಿ ತುಳುಕುತ್ತದೆ, ಬ್ರೀದರಿನಿಂದ ಹೊರಗೆ ಉಗುಳುತ್ತದೆ. ಗೇಜ್ ನೋಡಬೇಕಾದದ್ದು ಒಂದು ಸುತ್ತು ಓಡಿಸಿ ಬಂದ ಕೂಡಲೇ. ಸ್ಟಾರ್ಟ್ ಮಾಡಿದ ಮೊದಲ ಕೆಲವು ನಿಮಿಷ ಹೊಗೆ ಬಂದರೆ ಅದೂ ಇದೇ ಕಾರಣಕ್ಕೆ. ಗೇರ್ ಬಾಕ್ಸ್, ಕ್ಲಚ್ ಕಡೆಯ ಚೈನ್ ಕೇಸ್ ಎರಡಕ್ಕೂ ಆಯಿಲ್ ಬೇರೆ ಬೇರೆ ಎಂಬುದು ನಿಮಗೆ ಗೊತ್ತೇ ಇರುತ್ತದೆ. ಯುಸಿಇ ಎಂಜಿನ್ನಿನಲ್ಲಿ ಈ ಮೂರೂ ಒಂದಾಗಿರುವುದರಿಂದ ಅದರ ಲೆಕ್ಕವನ್ನು ಇದಕ್ಕೆ ಹಚ್ಚಬೇಡಿ.

ಪ್ರಶ್ನೆ: ಗೇಜಿಗೆ ಹಾಲಿನ ಕೆನೆಯಂಥದ್ದು ಅಂಟಿದೆ. ಗಾಡಿ ಮನೆಯಿಂದ ಅಂಗಡಿಗೆ ಎರಡು ಕಿ.ಮೀ. ಮಾತ್ರ ಓಡುತ್ತದೆ. (ಮಡಿಕೇರಿ)

ಉತ್ತರ: ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಆ ಆವಿ ಒಳಗೆ ತಣಿದು ಆಯಿಲ್ ಜೊತೆ ಕಡೆಯುತ್ತದೆ. ನಿಮ್ಮೂರಿನ ಮಳೆಗಾಲದ ಚಳಿಯಲ್ಲಿ ಇದು ಹೆಚ್ಚು. ಕೆನೆ ಮುಚ್ಚಳದಲ್ಲಿ ಮಾತ್ರ ಇದ್ದು ಕಡ್ಡಿಯ ತುದಿಯ ಆಯಿಲ್ ಸಹಜವಾಗಿದ್ದರೆ ವಾರಕ್ಕೊಮ್ಮೆ ಅರ್ಧ ಗಂಟೆ ಸತತವಾಗಿ ಓಡಿಸಿ, ಹೋಗುತ್ತದೆ. ಇಂಥ ಬಳಕೆಗೆ ಕಿ.ಮೀ. ಲೆಕ್ಕ ಕಾಯದೆ ಆಯಿಲನ್ನು ಬೇಗ ಬದಲಿಸಿ.

ತುದಿಯ ಆಯಿಲ್ ಕೂಡ ಬೆಳ್ಳಗಾಗಿದ್ದರೆ ನೀರು ಸೇರಿದೆ. ನೆರೆ ನೀರಿನಲ್ಲಿ ಮುಳುಗಿದ ಗಾಡಿಯ ಸೆಲ್ಫ್ ಒತ್ತಲೇಬಾರದು. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ ಕಿಕ್ಕರ್ ನಿಧಾನ ತುಳಿದು ನೀರು ಹೊರಹಾಕಿ, ಆಯಿಲ್ ಇಳಿಸಿ, ಅದೇ ಗ್ರೇಡಿನ ಅಗ್ಗದ ಆಯಿಲ್ ಹಾಕಿ ಕೆಲವು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಮತ್ತೆ ಇಳಿಸಿ. ಬಿಳುಪು ಕಾಣದಾಗುವ ತನಕ ಹೀಗೆ ಮಾಡಿ, ಆಮೇಲೆ ಒಳ್ಳೆಯ ಆಯಿಲ್.

ಪ್ರಶ್ನೆ: ನಾನು ಹಾಕದಿದ್ದರೂ ಆಯಿಲ್ ಮಟ್ಟ ಏರುತ್ತಿದೆ! (ಬೆಳಗಾವಿ)

ಉತ್ತರ: ಮೂಸಿ ನೋಡಿ, ಪೆಟ್ರೋಲ್ ವಾಸನೆ ಬರುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ತಡೆಯುವ ನೀಡಲ್ ಸವೆದು, ರಾತ್ರಿ ಪೆಟ್ರೋಲ್ ಕಾಕ್ ತೆರೆದೇ ಇದ್ದರೆ ಪೆಟ್ರೋಲ್ ಸಿಲಿಂಡರಿಗೆ ಇಳಿದು ರಿಂಗುಗಳ ಸಂದಿಯಿಂದ ಕೆಳಗೆ ಸೇರುತ್ತದೆ. ಆ ಆಯಿಲ್‌ನಲ್ಲಿ ಗಾಡಿ ಓಡಿಸಬೇಡಿ. ನೀಡಲ್ ಬದಲಿಸಿ, ಆಯಿಲ್ ಬದಲಿಸಿ, ನಿಲ್ಲಿಸಿದಾಗಲೆಲ್ಲ ಕಾಕ್ ಮುಚ್ಚಿ.

ಪ್ರಶ್ನೆ: ಆಯಿಲ್ ಹಾಕಿ ಐನೂರು ಕಿ.ಮೀ.ಗೇ ಕಪ್ಪಾಗುತ್ತದೆ. ನಕಲಿ ಆಯಿಲ್ ಇರಬಹುದೇ? (ತುಮಕೂರು)

ಉತ್ತರ: ಕಪ್ಪಾಗುವುದು ಕೆಟ್ಟ ಲಕ್ಷಣವಲ್ಲ. ಒಳಗಿನ ಮಸಿಯನ್ನು ಕರಗಿಸಿ ಹಿಡಿದುಕೊಳ್ಳುವುದೂ ಆಯಿಲ್‌ನ ಕೆಲಸ. ಬಣ್ಣ ನೋಡಿ ಬದಲಿಸಬೇಡಿ, ಮ್ಯಾನ್ಯುಯಲ್‌ನ ಕಿ.ಮೀ. ಮತ್ತು ತಿಂಗಳ ಲೆಕ್ಕದಲ್ಲಿ ಯಾವುದು ಮೊದಲು ಬರುತ್ತದೋ ಅದಕ್ಕೆ ಬದಲಿಸಿ. ನಕಲಿಯ ಭಯವಿದ್ದರೆ ಸೀಲ್ ಒಡೆಯದ ಬಾಟಲಿಯನ್ನು ಬಿಲ್ ಸಮೇತ ಕೊಂಡು, ನಿಮ್ಮ ಎದುರಿಗೇ ತೆರೆಸಿ.

ಪ್ರಶ್ನೆ: ಸೋರಿಕೆ ಇಲ್ಲ, ಆದರೂ ಸಾವಿರ ಕಿ.ಮೀ.ಗೆ ಗೇಜ್ ಅರ್ಧ ಇಳಿಯುತ್ತದೆ. ಎಂಜಿನ್ ಬಿಚ್ಚಿಸಬೇಕೇ? (ರಾಯಚೂರು)

ಉತ್ತರ: ಬಿಚ್ಚಿಸುವ ಮೊದಲು ಅಳೆಯಿರಿ. ಮೇಲಿನ ಗೆರೆಗೆ ತುಂಬಿಸಿ ಮೀಟರ್ ಬರೆದಿಟ್ಟುಕೊಳ್ಳಿ. ಸಾವಿರ ಕಿ.ಮೀ. ಆದ ಮೇಲೆ ಅದೇ ಜಾಗದಲ್ಲಿ, ಅದೇ ರೀತಿ ನೋಡಿ, ಮೇಲಿನ ಗೆರೆಗೆ ಬರಲು ಎಷ್ಟು ಮಿ.ಲೀ. ಬೇಕಾಯಿತು ಎಂದು ಬರೆಯಿರಿ. ಏರ್ ಕೂಲ್ಡ್ ಎಂಜಿನ್ ಸ್ವಲ್ಪ ಆಯಿಲ್ ತಿನ್ನುವುದು ಸಹಜ, ನಿಮ್ಮ ಕಡೆಯ ಬೇಸಿಗೆಯಲ್ಲಿ ತುಸು ಹೆಚ್ಚೇ. ಅಂಕಿ ಪ್ರತಿ ಸಲ ಏರುತ್ತಾ ಹೋದರೆ ಹೊಗೆ ಗಮನಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್, ಅದಕ್ಕೆ ಹೆಡ್ ಕೆಲಸ ಮಾತ್ರ ಸಾಕಾಗಬಹುದು. ಆಕ್ಸಿಲರೇಟರ್ ಎಳೆದಾಗಲೆಲ್ಲ ಬಂದರೆ ರಿಂಗ್, ಬೋರ್. ಅಲ್ಲಿಯವರೆಗೆ ವಾರಕ್ಕೊಮ್ಮೆ ಗೇಜ್ ನೋಡಿ, ಕೆಳಗಿನ ಗೆರೆ ಮುಟ್ಟಲು ಬಿಡದೆ ಅದೇ ಗ್ರೇಡಿನ ಆಯಿಲ್ ಸೇರಿಸಿ.

ಪ್ರಶ್ನೆ: ಇಳಿಸಿದ ಹಳೇ ಆಯಿಲನ್ನು ಚೈನಿಗೆ ಹಚ್ಚಬಹುದೇ? (ಶಿರಸಿ, ಕೋಲಾರ)

ಉತ್ತರ: ಬೇಡ. ಅದರಲ್ಲಿ ಲೋಹದ ಪುಡಿ, ಮಸಿ, ಆಮ್ಲ ಎಲ್ಲವೂ ಇವೆ. ತೆಳ್ಳಗಿರುವುದರಿಂದ ಚೈನಿನಿಂದ ಹಾರಿ ರಿಮ್ಮಿಗೂ ಟೈರಿಗೂ ಬೀಳುತ್ತದೆ. ಚೈನಿಗೆ 90 ಗ್ರೇಡಿನ ಗೇರ್ ಆಯಿಲ್ ಅಥವಾ ಚೈನ್ ಲೂಬ್ ಹಾಕಿ. ಹಳೇ ಆಯಿಲನ್ನು ಚರಂಡಿಗೆ, ತೋಟದ ಮಣ್ಣಿಗೆ ಸುರಿಯಬೇಡಿ, ಒಲೆಗೂ ಹಾಕಬೇಡಿ. ಅದು ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಹೊಸ ಆಯಿಲ್ ಬಂದ ಬಾಟಲಿಗೇ ಹಳೆಯದನ್ನು ತುಂಬಿ, ಮುಚ್ಚಳ ಬಿಗಿ ಮಾಡಿ, ಮೇಲೆ "ಹಳೇ ಆಯಿಲ್" ಎಂದು ಬರೆದು, ಹಳೇ ಆಯಿಲ್ ಬ್ಯಾರೆಲ್ ಇಟ್ಟುಕೊಂಡಿರುವ ಸರ್ವಿಸ್ ಸೆಂಟರಿಗೆ ಕೊಡಿ. ನೀರಿನ ಬಾಟಲಿಯಲ್ಲಂತೂ ತುಂಬಿಡಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.